ಬಾಲ್ಯವೆಂಬ ಅವಸ್ಥೆ: ಮಧ್ಯಕಾಲೀನ ಕನ್ನಡ ಕಾವ್ಯಗಳ ಸಾಕ್ಷ್ಯ

ಬಾಲ್ಯವೆಂಬುದು ವಯಸ್ಸಿನ ಲೆಕ್ಕವೋ, ಅಥವಾ ಹಿರಿಯರ ಲೋಕವು ಕಿರಿಯರಿಗೆ ಒದಗಿಸಿಕೊಡುವ ಒಂದು ಅವಕಾಶವೋ? ಫ್ರಾನ್ಸಿನ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಮಧ್ಯಯುಗದ ಯುರೋಪಿಗೆ ಬಾಲ್ಯವು ಪ್ರತ್ಯೇಕ ಅವಸ್ಥೆಯೆಂಬ ಭಾವನೆಯೇ ಇರಲಿಲ್ಲವೆಂದು ವಾದಿಸಿದನು. ಅನಂತರದ ವಿದ್ವಾಂಸರು ಈ ಮಾತನ್ನು ಬಹುಮಟ್ಟಿಗೆ ಒಪ್ಪಿಲ್ಲ. ನಮ್ಮ ಮಧ್ಯಕಾಲೀನ ಕಾವ್ಯಗಳು ಈ ವಿಷಯದಲ್ಲಿ ಏನನ್ನು ನುಡಿಯುತ್ತವೆ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಬಯಸುತ್ತೇವೆ.

ಭಾರತೀಯ ಶಾಸ್ತ್ರಗಳಲ್ಲಿ ವಯೋವಿಭಾಗ ಸ್ಪಷ್ಟವಾಗಿಯೇ ಇದೆ. ಸುಶ್ರುತಸಂಹಿತೆ ಹದಿನಾರಕ್ಕಿಂತ ಕಡಿಮೆ ವಯಸ್ಸಿನವರನ್ನು ಬಾಲರೆಂದು ಕರೆದು, ಅವರನ್ನು ಹಾಲುಣ್ಣುವವರು, ಹಾಲು ಮತ್ತು ಅನ್ನ ಎರಡನ್ನೂ ಉಣ್ಣುವವರು, ಅನ್ನ ಉಣ್ಣುವವರು ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಕನ್ನಡದಲ್ಲಿಯೂ ಕೂಸು, ಹಸುಳೆ, ಮಗು ಮೊದಲಾದ ಪದಗಳಿಗೆ ಕೊರತೆಯಿಲ್ಲ. ಆದರೆ 'ಮಾಣಿ' ಎಂಬ ಪದದ ಗತಿಯನ್ನು ಗಮನಿಸಬೇಕು. ಮೂಲದಲ್ಲಿ ವಟುವನ್ನು ಸೂಚಿಸುತ್ತಿದ್ದ ಈ ಮಾತು ಹೋಟೆಲಿನಲ್ಲಿ ತಿಂಡಿ ತಂದುಕೊಡುವವನ ಹೆಸರಾಯಿತು. ಅವನಿಗೆ ಐವತ್ತಾದರೂ ಅವನು ಮಾಣಿಯೇ. ಹುಡುಗನೆಂದರೆ ಹೇಳಿದ ಕೆಲಸ ಮಾಡುವವನು ಎಂಬ ಗ್ರಹಿಕೆ ಭಾಷೆಯೊಳಗೇ ಅಡಗಿದೆ.

ಕಾವ್ಯಗಳತ್ತ ತಿರುಗಿದರೆ ಮೂರು ನೋಟಗಳು ದೊರೆಯುತ್ತವೆ. 1209ರಲ್ಲಿ ರಚಿತವಾದ ಜನ್ನನ 'ಯಶೋಧರ ಚರಿತೆ'ಯಲ್ಲಿ ಅಭಯರುಚಿ ಮತ್ತು ಅಭಯಮತಿ ಎಂಬ ಅಣ್ಣತಂಗಿಯರನ್ನು ಮಾರಿಯ ಬಲಿಗೆಂದು ಹಿಡಿದು ತರುತ್ತಾರೆ. ಎಳೆಯರಾದ ಅವರು ಅಳುವುದಿಲ್ಲ. ಹಿಂದಿನ ಜನ್ಮಗಳನ್ನು ನೆನೆದು, ದೊರೆ ಮಾರಿದತ್ತನಿಗೆ ಕಥೆ ಹೇಳಿ, ಅವನ ಮನಸ್ಸನ್ನು ತಿರುಗಿಸುತ್ತಾರೆ. ಭವಾವಳಿಯನ್ನು ನಂಬಿದ ದೃಷ್ಟಿಗೆ ಎಳೆತನವು ದೇಹದ್ದು ಮಾತ್ರ, ಜೀವದ್ದಲ್ಲ.

ಹರಿಹರನ ಕೋಳೂರ ಕೊಡಗೂಸಿನ ರಗಳೆ ಇದಕ್ಕೆ ತೀರ ವಿರುದ್ಧವಾದುದು. ಶಿವನಿಗೆ ಹಾಲು ಕುಡಿಸು ಎಂದು ತಂದೆ ಹೇಳಿದ್ದನ್ನು ಆ ಹುಡುಗಿ ಅಕ್ಷರಶಃ ನಂಬುತ್ತಾಳೆ. ನೈವೇದ್ಯವೆಂದರೆ ತೋರಿಸಿ ಹಿಂದಕ್ಕೆ ತರುವುದು ಎಂಬ ಹಿರಿಯರ ಒಳ ಒಪ್ಪಂದ ಅವಳಿಗೆ ತಿಳಿಯದು. ಅವಳ ಮೊರೆಗೆ ಶಿವನು ಹಾಲು ಕುಡಿಯುತ್ತಾನೆ. ತಂದೆ ಮಾತ್ರ ಮಗಳನ್ನು ನಂಬುವುದಿಲ್ಲ. ಕೊನೆಗೆ ಅವಳು ಲಿಂಗದಲ್ಲಿ ಐಕ್ಯಳಾಗುತ್ತಾಳೆ. ಇಲ್ಲಿ ಬಾಲ್ಯವೆಂದರೆ ಅರಿವಿನ ಕೊರತೆಯಲ್ಲ, ನುಡಿಯನ್ನು ನುಡಿದಂತೆಯೇ ಕೇಳುವ ಶಕ್ತಿ. ಭಕ್ತಿಯ ಮಹಿಮೆಯಷ್ಟೇ ಈ ರಗಳೆಯ ವಸ್ತುವಲ್ಲ. ಮಗುವಿನ ಮಾತನ್ನು ನಂಬದ ಮನೆ ಮಗುವನ್ನೇ ಕಳೆದುಕೊಂಡ ಕಥೆಯೂ ಅದರಲ್ಲಿದೆ.

ಮೂರನೆಯದು ರಾಘವಾಂಕನ 'ಹರಿಶ್ಚಂದ್ರ ಕಾವ್ಯ'. ರಾಜಕುಮಾರ ಲೋಹಿತಾಶ್ವನು ತಾಯಿಯೊಡನೆ ಮಾರಾಟವಾಗುತ್ತಾನೆ. ಕೊಂಡವರ ಮನೆಯ ಕೆಲಸಕ್ಕೆಂದು ಕಾಡಿಗೆ ಹೋಗಿ ಹಾವು ಕಚ್ಚಿ ಸಾಯುತ್ತಾನೆ. ಈ ಪ್ರಸಂಗವನ್ನು ನಾವು ಬಹುಕಾಲ ಸತ್ಯಪರೀಕ್ಷೆಯ ಅಂಗವಾಗಿ, ಚಂದ್ರಮತಿಯ ಶೋಕದ ನೆಲೆಯಾಗಿ ಓದಿದ್ದೇವೆ, ಹಾಗೆಯೇ ಪಾಠ ಹೇಳಿದ್ದೇವೆ. ತಂದೆಯ ಸಾಲಕ್ಕಾಗಿ ದುಡಿಮೆಗೆ ಬಿದ್ದ ಒಬ್ಬ ಬಾಲಕನ ಮರಣವಾಗಿ ಅದನ್ನು ಓದಲಿಲ್ಲ. ಸತ್ಯವನ್ನು ಆಯ್ದುಕೊಂಡವನು ಹರಿಶ್ಚಂದ್ರ. ಲೋಹಿತಾಶ್ವನನ್ನು ಯಾರೂ ಕೇಳಿರಲಿಲ್ಲ.

ಈ ಓದು ನಮಗೆ ಹೊಳೆದುದು ನಾವಿರುವ ನೆಲದಿಂದ ಎಂಬುದನ್ನು ಒಪ್ಪಿಕೊಳ್ಳಬೇಕು. ಕೂಕಟ್‌ಪಲ್ಲಿಯು 2016ರವರೆಗೆ ರಂಗಾರೆಡ್ಡಿ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯ ಹಳ್ಳಿಗಳಲ್ಲಿಯೇ 1991ರಿಂದ ಎಂ. ವೆಂಕಟರಂಗಯ್ಯ ಪ್ರತಿಷ್ಠಾನವು ಜೀತದ ಮಕ್ಕಳನ್ನು ಬಿಡಿಸಿ ಶಾಲೆಗೆ ಕಳಿಸುವ ಕಾರ್ಯವನ್ನು ಕೈಗೊಂಡಿತು. ಅದನ್ನು ಮುನ್ನಡೆಸಿದವರು ಹೈದರಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಶಾಂತಾ ಸಿನ್ಹಾ. ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಶಾಲೆಯ ಹೊರಗಿರುವ ಪ್ರತಿಯೊಂದು ಮಗುವೂ ದುಡಿಯುವ ಮಗುವೇ ಎಂಬುದು ಆ ಸಂಸ್ಥೆಯ ನಿಲುವು. ಬಾಲ್ಯವನ್ನು ವಯಸ್ಸಿನಿಂದಲ್ಲದೆ, ಮಗುವಿನ ದಿನ ಹೇಗೆ ಕಳೆಯುತ್ತದೆ ಎಂಬುದರಿಂದ ಗುರುತಿಸುವ ಈ ಕ್ರಮ ನಮ್ಮ ಮೊದಲ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು.

ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 1989ರ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಉಚಿತ, ಕಡ್ಡಾಯ ಶಿಕ್ಷಣವನ್ನು ವಿಧಿಸಿದೆ. ಆದರೂ ಕೂಕಟ್‌ಪಲ್ಲಿಯಲ್ಲಿ ಏಳುತ್ತಿರುವ ಕಟ್ಟಡಗಳ ಬಳಿ, ತಾಯಿ ಮರಳು ಹೊರುತ್ತಿರುವಾಗ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತ ಏಳೆಂಟು ವರ್ಷದ ಹುಡುಗಿಯನ್ನು ನಾವು ಕಾಣುತ್ತೇವೆ. ಕೆಲವೊಮ್ಮೆ ಅವಳು ತಮ್ಮನನ್ನು ಗದರುವುದು ರಾಯಚೂರು ಕಡೆಯ ಕನ್ನಡದಲ್ಲಿ. ಶಾಸ್ತ್ರದ ಲೆಕ್ಕದಲ್ಲಿಯೂ ಕಾಯಿದೆಯ ಲೆಕ್ಕದಲ್ಲಿಯೂ ಅವಳು ಮಗು. ದಿನಚರಿಯ ಲೆಕ್ಕದಲ್ಲಿ ಒಬ್ಬ ತಾಯಿ.

ಒಟ್ಟಿನಲ್ಲಿ, ನಮ್ಮ ಪೂರ್ವಿಕರಿಗೆ ಬಾಲ್ಯದ ಅರಿವು ಇರಲಿಲ್ಲವೆನ್ನುವುದು ಸಾಧುವಲ್ಲ. ಅರಿವು ಇತ್ತು, ಅದು ಎಲ್ಲ ಮಕ್ಕಳಿಗೂ ಸಮನಾಗಿ ಸಲ್ಲಲಿಲ್ಲ. ಈ ಕಾವ್ಯಗಳನ್ನು ಮುಂದೆ ಬೋಧಿಸುವವರು ಲೋಹಿತಾಶ್ವನಿಗೂ ಕೊಡಗೂಸಿಗೂ ದೃಷ್ಟಾಂತದ ಸ್ಥಾನಕ್ಕಿಂತ ಹೆಚ್ಚಿನದನ್ನು ಕೊಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.