ಅಲ್ ಗರಾಫಾದ ಬೇಸಿಗೆಯಲ್ಲಿ ಮಾದರಿ ವಿಮಾನ: ತಪ್ಪು ಕಲ್ಪನೆ ಮತ್ತು ಸತ್ಯ

“ಈ ಊರಿನ ಸೆಕೆಗೆ ಪ್ಲಾಸ್ಟಿಕ್ ವಿಮಾನ ಕರಗಿಹೋಗುತ್ತದೆ, ಸುಮ್ಮನೆ ದುಡ್ಡು ದಂಡ.” ಕತಾರಿನ ಅಲ್ ಗರಾಫಾದಲ್ಲಿ ಮನೆ ಮಾಡಿಕೊಂಡು, ಮಕ್ಕಳ ಜೊತೆ ಕೂತು ತೇಜಸ್ಸೋ ರಫೇಲೋ ಕಟ್ಟೋಣವೆಂದು ಹೊರಡುವವರನ್ನು ತಡೆಯುವ ಮಾತು ಇದು. ಹೆದರಿಕೆ ಸಹಜ, ಆದರೆ ಲೆಕ್ಕ ತಪ್ಪು. ಕಿಟ್‌ಗಳ ಪ್ಲಾಸ್ಟಿಕ್ ಬಹುಪಾಲು ಪಾಲಿಸ್ಟೈರೀನ್. ಅದು ಮೆತ್ತಗಾಗುವುದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಭಾರ ಬಿದ್ದ ಭಾಗಗಳು ಮತ್ತು ಉದ್ದನೆಯ ತೆಳು ರೆಕ್ಕೆಗಳು 70-80ರಲ್ಲೇ ಬಾಗತೊಡಗಬಹುದು. ದೋಹಾದಲ್ಲಿ 2010ರ ಜುಲೈನಲ್ಲಿ ದಾಖಲಾದ ಉಷ್ಣಾಂಶವೇ 50.4 ಡಿಗ್ರಿ. ಅಂದರೆ ನೆರಳಿನಲ್ಲಿರುವ ವಿಮಾನಕ್ಕೆ ಇಲ್ಲಿನ ಗಾಳಿಯ ಬಿಸಿಯಿಂದ ಅಪಾಯವಿಲ್ಲ.

ಅಪಾಯವಿರುವುದು ಗಾಜಿನ ಹಿಂದಿನ ಬಿಸಿಲಿನಲ್ಲಿ. ಜುಲೈ ಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿದ ಕಾರಿನೊಳಗಿನ ಗಾಳಿ ಒಂದು ಗಂಟೆಯೊಳಗೆ 60 ಡಿಗ್ರಿ ದಾಟುತ್ತದೆ, ಡ್ಯಾಶ್‌ಬೋರ್ಡ್ ಇನ್ನೂ ಕಾಯುತ್ತದೆ. ಕಪ್ಪು ಬಣ್ಣದ ವಿಮಾನ ಬಿಳಿಯದಕ್ಕಿಂತ ಬೇಗ ಬಿಸಿಯೇರುತ್ತದೆ. ಗೆಳೆಯರಿಗೆ ತೋರಿಸಲೆಂದು ಹಿಂದಿನ ಸೀಟಿನಲ್ಲಿಟ್ಟು, ದಾರಿಯಲ್ಲಿ ಮಾಲ್‌ಗೆ ಹೋಗಿ ಬರುವಷ್ಟರಲ್ಲಿ ರೆಕ್ಕೆ ಜೋತುಬೀಳುವುದು ಹೀಗೆ.

ಎಲ್ಲ ಪ್ಲಾಸ್ಟಿಕ್ಕೂ ಒಂದೇ ಎಂದುಕೊಳ್ಳುವುದೂ ಸರಿಯಲ್ಲ. ತ್ರೀಡಿ ಪ್ರಿಂಟರಿನಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ 60 ಡಿಗ್ರಿ ಹೊತ್ತಿಗೇ ಮೆತ್ತಗಾಗುತ್ತದೆ. ರೆಸಿನ್ ಭಾಗಗಳೂ ಬೇಗ ಬಾಗುತ್ತವೆ; ಆದರೆ ಸೊಟ್ಟಗಾದದ್ದನ್ನು ಬಿಸಿನೀರಿನಲ್ಲಿ ಅದ್ದಿ, ನೇರ ಮಾಡಿ, ತಣ್ಣೀರಿನಲ್ಲಿ ಹಿಡಿದರೆ ಎಷ್ಟೋ ಸಲ ಸರಿಹೋಗುತ್ತದೆ.

“ಗಾಜಿನ ಕಪಾಟಿನಲ್ಲಿಟ್ಟರೆ ಚಿಂತೆಯಿಲ್ಲ.” ಧೂಳಿನ ಮಟ್ಟಿಗೆ ಇದು ಪೂರ್ತಿ ನಿಜ, ಮರಳುಗಾಳಿಯ ನಾಡಿನಲ್ಲಿ ಕಪಾಟು ಬೇಕೇ ಬೇಕು. ಬಿಸಿಲಿನ ಮಟ್ಟಿಗೆ ಸುಳ್ಳು. ಮಾಮೂಲಿ ಗಾಜು ನೇರಳಾತೀತ ಕಿರಣಗಳಲ್ಲಿ ಒಂದು ಭಾಗವನ್ನಷ್ಟೇ ತಡೆಯುತ್ತದೆ. ಉಳಿದದ್ದು ಒಳಬಂದು ಬಣ್ಣ ಮಾಸಿಸುತ್ತದೆ, ಗುರುತಿನ ಅಂಟುಚಿತ್ರಗಳಾದ ಡೆಕಾಲ್‌ಗಳನ್ನೂ ಹಾಳುಮಾಡುತ್ತದೆ. ಹಳದಿಗಟ್ಟಿದ ಹಳೆಯ ಡೆಕಾಲ್ ಹಾಳೆಯನ್ನು ಬಿಳುಪಾಗಿಸಲು ಹವ್ಯಾಸಿಗಳು ಅದನ್ನು ಕಿಟಕಿ ಗಾಜಿಗೆ ಅಂಟಿಸಿಡುತ್ತಾರೆ. ಹಾಗೆ ಬಿಳುಪಾಗಿಸುವ ಅದೇ ಬೆಳಕು ಮುಗಿದ ವಿಮಾನದ ಬಣ್ಣವನ್ನೂ ತಿನ್ನುತ್ತದೆ. ಮೇಲೆ ವಾರ್ನಿಶ್ ಬಳಿದರೆ ಡೆಕಾಲ್‌ಗೆ ರಕ್ಷಣೆ ಸಿಗುತ್ತದೆ, ಬಿಸಿಗೆ ಅದು ತಡೆಯಲ್ಲ. ಪಶ್ಚಿಮದ ಕಿಟಕಿಯಿಂದ ದೂರದ ಒಳಗೋಡೆಯೇ ಕಪಾಟಿಗೆ ತಕ್ಕ ಜಾಗ.

ಬಣ್ಣದ ವಿಷಯದಲ್ಲಿ ತಪ್ಪು ತಿಳುವಳಿಕೆ ಇನ್ನೂ ಹೆಚ್ಚು. “ಬಿಸಿಲಿದ್ದರೆ ಬೇಗ ಒಣಗುತ್ತದೆ, ಬಾಲ್ಕನಿಯಲ್ಲೇ ಹೊಡೆಯೋಣ” ಎನ್ನುತ್ತಾರೆ. ಜೂನ್‌ನ ಒಣಗಾಳಿಯಲ್ಲಿ ಅಕ್ರಿಲಿಕ್ ಬಣ್ಣ ಏರ್‌ಬ್ರಶ್‌ನ ಮೂತಿಯಿಂದ ಹೊರಟು ರೆಕ್ಕೆ ಮುಟ್ಟುವ ಮೊದಲೇ ಅರ್ಧ ಒಣಗಿ, ಮೇಲ್ಮೈ ಮರಳು ಕಾಗದದಂತೆ ಒರಟಾಗುತ್ತದೆ. ಬಣ್ಣವನ್ನು ಇನ್ನಷ್ಟು ತೆಳು ಮಾಡಿ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಎರಡು ಹನಿ ಸೇರಿಸಿ, ಹತ್ತಿರದಿಂದ ಹೊಡೆಯಬೇಕು.

ಆಗಸ್ಟ್, ಸೆಪ್ಟೆಂಬರ್ ಬಂದರೆ ಕಥೆ ತಿರುಗುತ್ತದೆ. ಕೊಲ್ಲಿಯ ತೇವ ಊರನ್ನು ತುಂಬುತ್ತದೆ. ಎಸಿ ಕೋಣೆಯಿಂದ ಹೊರಬಂದ ಕೂಡಲೇ ಕನ್ನಡಕ ಮಂಜಾಗುವುದು ಇಲ್ಲಿರುವ ಎಲ್ಲರಿಗೂ ಗೊತ್ತು. ತಣ್ಣಗಿನ ವಿಮಾನವನ್ನು ಹೊರಗೆ ತಂದಾಗಲೂ ಅದೇ ಆಗುತ್ತದೆ, ಕಣ್ಣಿಗೆ ಕಾಣದಷ್ಟು ತೆಳು ನೀರಿನ ಪದರ ಕೂರುತ್ತದೆ. ಲ್ಯಾಕರ್ ಬಣ್ಣವಾದರೆ ಇನ್ನೊಂದು ತೊಂದರೆ: ದ್ರಾವಕ ಆವಿಯಾಗುತ್ತ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ, ತೇವ ಹಸಿ ಬಣ್ಣದೊಳಗೆ ಸೇರಿ ಬೆಳ್ಳಗೆ ಮಂಕು ಕವಿಯುತ್ತದೆ. ಆದ್ದರಿಂದ ಬಣ್ಣ ಹೊಡೆಯಲು ಎಸಿ ನಡೆಯುತ್ತಿರುವ ಕೋಣೆಯೇ ಒಳ್ಳೆಯದು, ಕಿಟಕಿಗೆ ಎಕ್ಸಾಸ್ಟ್ ಇರಲಿ, ಮುಖಕ್ಕೆ ಆವಿ ತಡೆಯುವ ಮಾಸ್ಕ್ ಇರಲಿ. ಮುಚ್ಚಿದ ಕೋಣೆಯಲ್ಲಿ ಥಿನ್ನರ್ ಆವಿ ಉಸಿರಾಡುತ್ತ ಕೂರುವುದನ್ನು ಯಾರೂ ಹಗುರಾಗಿ ತೆಗೆದುಕೊಳ್ಳಬಾರದು.

ಹಾಗೆಂದು ಬಿಸಿಯೆಲ್ಲ ಕೆಟ್ಟದ್ದೂ ಅಲ್ಲ. ಎನಾಮೆಲ್ ಬಣ್ಣ ಗಟ್ಟಿಯಾಗುವುದು ಗಾಳಿಯ ಆಮ್ಲಜನಕ ಹೀರಿ. ತೆಳುವಾಗಿ ಬಳಿದದ್ದನ್ನು 40 ಡಿಗ್ರಿಯ ಬೆಚ್ಚಗಿನ ನೆರಳಿನಲ್ಲಿಟ್ಟರೆ ಆ ಕೆಲಸ ಚುರುಕಾಗುತ್ತದೆ. ಹಣ್ಣು ಒಣಗಿಸುವ ಡಿಹೈಡ್ರೇಟರನ್ನು ಕೆಲವರು ಇದಕ್ಕೇ ಇಟ್ಟುಕೊಂಡಿರುತ್ತಾರೆ. ದಪ್ಪವಾಗಿ ಬಳಿದು ಬಿಸಿಲಿಗಿಟ್ಟರೆ ಮಾತ್ರ ಮೇಲೆ ಕೆನೆಗಟ್ಟಿ, ಒಳಗೆ ಹಸಿಯೇ ಉಳಿದು ಸುಕ್ಕಾಗುತ್ತದೆ.

ಬೇಸಿಗೆ ರಜೆಗೆ ಮಂಗಳೂರಿಗೋ ಬೆಂಗಳೂರಿಗೋ ಹೊರಟಾಗ ಎಸಿ ಆರಿಸಿ ಹೋದರೆ ವಿಮಾನಗಳು ಹಾಳಾಗುತ್ತವೆಯೇ? ಬಿಸಿಲು ಬೀಳದ ಕೋಣೆಯಾದರೆ ಪಾಲಿಸ್ಟೈರೀನ್‌ಗೆ ಏನೂ ಆಗದು. ಆದರೆ ಮೆತ್ತನೆಯ ವಿನೈಲ್ ಟೈರುಗಳಿದ್ದರೆ ಗಮನಿಸಿ: ಅವುಗಳಲ್ಲಿನ ಮೆದುಕಾರಿ ರಾಸಾಯನಿಕ ಸೋರಿ ಪ್ಲಾಸ್ಟಿಕ್ ಚಕ್ರವನ್ನೇ ತಿನ್ನುವುದುಂಟು, ಸೆಕೆ ಅದನ್ನು ಚುರುಕಾಗಿಸುತ್ತದೆ. ಚಕ್ರಕ್ಕೆ ಮೊದಲೇ ಒಂದು ಪದರ ಬಣ್ಣ ಬಳಿದಿಡಬೇಕು. ಸ್ಪ್ರೇ ಡಬ್ಬಿಗಳನ್ನು ಕಾರಿನಲ್ಲಿ ಬಿಡಲೇಬಾರದು, 50 ಡಿಗ್ರಿ ಮೀರಬಾರದೆಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಊರಿಗೆ ಒಯ್ಯಲೂ ಆಗದು: ಲ್ಯಾಕರ್ ಥಿನ್ನರಾಗಲಿ ಬಣ್ಣದ ಸ್ಪ್ರೇ ಆಗಲಿ ಬೇಗ ಹೊತ್ತಿಕೊಳ್ಳುವಂಥವು, ವಿಮಾನದಲ್ಲಿ ನಿಷಿದ್ಧ. ಎಸಿ ಆರದ ಗೆಳೆಯರ ಮನೆಯಲ್ಲಿ ಇಟ್ಟು ಹೋಗಿ.