ಕೊನೆಯ ತಟ್ಟೆ ಬರುವವರೆಗೆ

ಕಲ್ಯಾಣ ಸ್ಟೇಶನ್ನಿನ ಹತ್ತಿರ ಅಪ್ಪನ ಉಡುಪಿ ಹೋಟೆಲಿತ್ತು. ಗಲ್ಲಾದಲ್ಲಿ ಕೂತು ಅವರು ಕಣ್ಣಿಡುತ್ತಿದ್ದದ್ದು ಒಂದೇ ವಿಷಯಕ್ಕೆ: ನಾಲ್ಕು ಜನ ಕೂತ ಟೇಬಲಿಗೆ ನಾಲ್ಕನೆಯ ತಟ್ಟೆ ಯಾವಾಗ ಬಂತು? ಮೂವರ ಇಡ್ಲಿ ಎರಡು ನಿಮಿಷದಲ್ಲಿ ಬಂದು ಒಬ್ಬರ ಮಸಾಲೆ ದೋಸೆ ಇಪ್ಪತ್ತು ನಿಮಿಷ ತಡವಾದರೆ, ಆ ಮನೆಯವರೆಲ್ಲ ಇಪ್ಪತ್ತು ನಿಮಿಷ ಕಾದಂತೆಯೇ. “ಲೆಕ್ಕ ಹಾಕುವುದಾದರೆ ಕೊನೆಯ ತಟ್ಟೆಯಿಂದ ಹಾಕು ಮಗಾ” ಎನ್ನುತ್ತಿದ್ದರು.

ನಾನು ಹೋಟೆಲಿನ ದಾರಿ ಹಿಡಿಯಲಿಲ್ಲ. ಮನೆ ಡೊಂಬಿವಲಿಯಲ್ಲಿ, ಕೆಲಸ ಶಿಳ್‌ಫಾಟಾ ದಾಟಿದ ಮೇಲೆ ಸಿಗುವ ಮಹಾಪೆಯ ಒಂದು ಡೇಟಾ ಸೆಂಟರಿನಲ್ಲಿ. ಠಾಣೆ–ಬೇಲಾಪುರ ರಸ್ತೆಯ ಈ ಪಟ್ಟಿಯಲ್ಲಿ ಒಂದು ಕಾಲಕ್ಕೆ ರಾಸಾಯನಿಕ ಕಾರ್ಖಾನೆಗಳದ್ದೇ ರಾಜ್ಯ. ಈಗ ಐರೋಲಿ, ರಬಾಳೆ, ಮಹಾಪೆಗಳಲ್ಲಿ ಕಿಟಕಿಯಿಲ್ಲದ ದೊಡ್ಡ ಕಟ್ಟಡಗಳು ಎದ್ದಿವೆ. ಒಳಗೆ ಸಾಲು ಸಾಲು ಸರ್ವರುಗಳು. ನಾವು ‘ಆನ್‌ಲೈನ್‌ನಲ್ಲಿದೆ’ ಎನ್ನುವ ಫೋಟೊ, ಬ್ಯಾಂಕ್ ಖಾತೆ, ಆಸ್ಪತ್ರೆಯ ಕಾಗದಪತ್ರ ಇಂಥ ಕಡೆಗಳಲ್ಲೇ ಇರುತ್ತವೆ.

ನಾನು ನೋಡಿಕೊಳ್ಳುವುದು ಹನ್ನೆರಡು ಸರ್ವರುಗಳ ಒಂದು ಕ್ಲಸ್ಟರನ್ನು. ಸರ್ವರಿಗೆ ಹನ್ನೆರಡರಂತೆ ಒಟ್ಟು 144 ಹಾರ್ಡ್ ಡಿಸ್ಕ್. ಅದನ್ನು ನಡೆಸುವ ತಂತ್ರಾಂಶದ ಹೆಸರು ಸೆಫ್. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ ಸೇಜ್ ವೈಲ್ ಎಂಬವರು ಸಂಶೋಧನೆಗಾಗಿ ಕಟ್ಟಿದ್ದು. 2006ರಲ್ಲಿ ಅದರ ಪ್ರಬಂಧ ಪ್ರಕಟವಾಯಿತು. ಯಾವ ಕಡತ ಯಾವ ಡಿಸ್ಕಿನಲ್ಲಿದೆ ಎಂಬ ದೊಡ್ಡ ಪಟ್ಟಿಯನ್ನು ಅದು ಎಲ್ಲೂ ಇಟ್ಟುಕೊಳ್ಳುವುದಿಲ್ಲ. ಕಡತದ ಹೆಸರನ್ನೇ ಲೆಕ್ಕಕ್ಕೆ ಹಾಕಿದರೆ ಜಾಗ ತಿಳಿಯುತ್ತದೆ. ಪ್ರತಿ ಕಡತಕ್ಕೂ ಬೇರೆ ಬೇರೆ ಸರ್ವರುಗಳಲ್ಲಿ ಮೂರು ಪ್ರತಿ. ಓದುವಾಗ ಮೊದಲ ಪ್ರತಿಯಿಂದ ಓದುತ್ತದೆ. ಬರೆಯುವಾಗ ಮೂರೂ ಡಿಸ್ಕುಗಳು ‘ಬರೆದಾಯಿತು’ ಎಂದ ಮೇಲೆಯೇ ‘ಆಯಿತು’ ಎಂಬ ಉತ್ತರ ಹೋಗುತ್ತದೆ. ಮೂರರಲ್ಲಿ ನಿಧಾನದ್ದು ಯಾವುದೋ ಅದರದ್ದೇ ವೇಗ.

ಒಂದು ಜುಲೈ ಬೆಳಿಗ್ಗೆ ಕಲ್ಯಾಣದ ಒಂದು ಸ್ಕ್ಯಾನ್ ಕೇಂದ್ರದಿಂದ ಫೋನ್ ಬಂತು. ಸಿ.ಟಿ. ಸ್ಕ್ಯಾನ್ ತೆರೆದರೆ ನಡುವೆ ನಿಂತುಬಿಡುತ್ತದೆ, ಡಾಕ್ಟರು ಕಾಯುತ್ತಿದ್ದಾರೆ, ರೋಗಿ ಹೊರಗೆ ಸ್ಟ್ರೆಚರ್ ಮೇಲಿದ್ದಾರೆ. ನಾನು ಪರದೆ ನೋಡಿದೆ. ಎಲ್ಲ ಹಸಿರು. ಒಂದು ಓದಿಗೆ ಸರಾಸರಿ 24 ಮಿಲಿಸೆಕೆಂಡು. “ನಮ್ಮ ಕಡೆ ಸರಿಯಾಗಿದೆ” ಎಂದುಬಿಟ್ಟೆ. ಆ ಮಾತು ತಪ್ಪು ಎಂದು ತಿಳಿಯಲು ಎರಡು ದಿನ ಬೇಕಾಯಿತು.

ಡಿಸ್ಕು ಸತ್ತರೆ ಸೆಫ್ ತಾನೇ ಸಂಭಾಳಿಸುತ್ತದೆ. ಡಿಸ್ಕುಗಳನ್ನು ನೋಡಿಕೊಳ್ಳುವ ಪ್ರೋಗ್ರಾಮುಗಳು ಕೆಲವು ಸೆಕೆಂಡಿಗೊಮ್ಮೆ ‘ಇದ್ದೀಯಾ?’ ಎಂದು ಪರಸ್ಪರ ಕೇಳುತ್ತಿರುತ್ತವೆ. ಸಾಮಾನ್ಯವಾಗಿ 20 ಸೆಕೆಂಡು ಉತ್ತರವಿಲ್ಲದಿದ್ದರೆ ಅದು ಬಿದ್ದಿದೆ ಎಂದು ಬರೆದುಕೊಳ್ಳುತ್ತದೆ, ಹತ್ತು ನಿಮಿಷದಲ್ಲಿ ಏಳದಿದ್ದರೆ ಅದರಲ್ಲಿದ್ದ ಪ್ರತಿಗಳನ್ನು ಬೇರೆ ಕಡೆ ಮಾಡಿಡಲು ಶುರುಮಾಡುತ್ತದೆ. ಏಳುತ್ತಾ ಬೀಳುತ್ತಾ ಕೆಲಸ ಮಾಡುವ ಡಿಸ್ಕಾದರೋ ‘ಇದ್ದೀಯಾ’ ಎಂದರೆ ‘ಇದ್ದೇನೆ’ ಎನ್ನುತ್ತದೆ. ಒಂದು ಕೆಲಸ 30 ಸೆಕೆಂಡು ಬಾಕಿ ಉಳಿಯುವವರೆಗೆ ಎಚ್ಚರಿಕೆಯ ದೀಪವೂ ಹತ್ತುವುದಿಲ್ಲ.

ಸರಾಸರಿ ಹೇಗೆ ಮುಚ್ಚಿಡುತ್ತದೆ ನೋಡಿ. 141 ಡಿಸ್ಕುಗಳಿಗೆ ತಲಾ 10 ಮಿಲಿಸೆಕೆಂಡು, ಎರಡಕ್ಕೆ 50, ಒಂದಕ್ಕೆ ಮಾತ್ರ 2,000, ಅಂದರೆ ಪೂರ್ತಿ ಎರಡು ಸೆಕೆಂಡು. ಸರಾಸರಿ ತೆಗೆದರೆ ಬರುವುದು ಅದೇ 24. ಆದರೆ ಒಂದು ಸಿ.ಟಿ. ಸ್ಕ್ಯಾನಿನಲ್ಲಿ 300 ಚಿತ್ರಗಳಿದ್ದರೆ, 144 ಡಿಸ್ಕುಗಳಿಗೆ ಹಂಚಿದಾಗ ಸುಮಾರು ಎರಡು ಚಿತ್ರ ಆ ಒಂದು ಡಿಸ್ಕಿನ ಪಾಲಿಗೆ ಬೀಳುತ್ತವೆ. ಬೆಳಗಿನ ಹೊತ್ತು ಹತ್ತಾರು ಸ್ಕ್ಯಾನ್ ಒಟ್ಟಿಗೆ ತೆರೆದಾಗ ಅಲ್ಲಿ ಸಾಲು ಬೆಳೆಯುತ್ತದೆ. 298 ಚಿತ್ರ ಬಂದೂ ಡಾಕ್ಟರು ಕಾಯುತ್ತಾರೆ. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ 2013ರಲ್ಲಿ ಬರೆದದ್ದೂ ಇದನ್ನೇ: ಪ್ರತಿ ಯಂತ್ರ ನೂರಕ್ಕೆ ಒಂದು ಸಲ ಮಾತ್ರ ತಡಮಾಡಿದರೂ, ನೂರು ಯಂತ್ರಗಳ ಉತ್ತರ ಬೇಕಾದ ಕೆಲಸ ನೂರಕ್ಕೆ 63 ಸಲ ತಡವಾಗುತ್ತದೆ.

‘ಎಲ್ಲ ಸರ್ವರುಗಳನ್ನೂ ಒಮ್ಮೆ ರೀಸ್ಟಾರ್ಟ್ ಮಾಡೋಣ’ ಎಂದು ಜೊತೆಯವರು ಹೇಳಿದರು. ನಾನು ಬೇಡವೆಂದೆ. ಆಗ ಕ್ಲಸ್ಟರಿನ ಮೇಲೆ ಪ್ರತಿಗಳನ್ನು ಸರಿಹೊಂದಿಸುವ ಹೊರೆ ಹೆಚ್ಚುತ್ತದೆ, ಜೊತೆಗೆ ಸುಳಿವುಗಳೂ ಅಳಿಸಿಹೋಗುತ್ತವೆ. ಒಂದೊಂದಾಗಿ ನೋಡಿದೆವು. ಪ್ರತಿಗಳನ್ನು ಹೋಲಿಸಿ ನೋಡುವ ವಾರದ ತಪಾಸಣೆ ನಡೆಯುತ್ತಿದೆಯೇ? ಇಲ್ಲ. ನೆಟ್‌ವರ್ಕಿನಲ್ಲಿ ದೊಡ್ಡ ಪ್ಯಾಕೆಟ್ ಎಲ್ಲಾದರೂ ಸಿಕ್ಕಿಕೊಳ್ಳುತ್ತಿದೆಯೇ? ಇಲ್ಲ. ಕೇಬಲಿನಲ್ಲಿ ದೋಷ? ಅದೂ ಇಲ್ಲ.

ದಾರಿ ತೋರಿಸಿದ್ದು ಸ್ಕ್ಯಾನ್ ಕೇಂದ್ರದ ಟೆಕ್ನಿಶಿಯನ್ ಬರೆದಿಟ್ಟ ಒಂದು ಹಾಳೆ. ಯಾವ ಸ್ಕ್ಯಾನ್, ಎಷ್ಟನೆಯ ಚಿತ್ರದಲ್ಲಿ ನಿಂತಿತು, ಎಷ್ಟು ಗಂಟೆಗೆ, ಎಷ್ಟು ಹೊತ್ತು — ಏಳು ಸಾಲು. ಹೆಸರಿನಿಂದಲೇ ಜಾಗ ತಿಳಿಯುತ್ತದೆ ಎಂದೆನಲ್ಲ? ಏಳು ಹೆಸರುಗಳನ್ನೂ ಲೆಕ್ಕಕ್ಕೆ ಹಾಕಿದೆ. ಆರರ ಮೊದಲ ಪ್ರತಿ 61ನೆಯ ಡಿಸ್ಕಿನಲ್ಲಿತ್ತು. ಏಳನೆಯದು 62ರಲ್ಲಿ. ಅದು ಕಾಕತಾಳೀಯ ಎಂದು ಬದಿಗಿಟ್ಟೆ.

ಡಿಸ್ಕುಗಳ ವೇಗವನ್ನು ಬಿಡಿಬಿಡಿಯಾಗಿ ತೆಗೆದು ನೋಡಿದರೆ 61ರ ಮುಂದೆ ಎರಡು ಸೆಕೆಂಡು. ಡಿಸ್ಕಿನ ಸ್ವಂತ ಆರೋಗ್ಯ ಪರೀಕ್ಷೆ ಮಾತ್ರ ‘ಪಾಸ್’ ಎನ್ನುತ್ತಿತ್ತು. ಮೊದಲು ಓದುವ ಕೆಲಸವನ್ನು ಅದರ ಕೈಯಿಂದ ತಪ್ಪಿಸಿ ಉಳಿದ ಎರಡು ಪ್ರತಿಗಳಿಗೆ ವಹಿಸಿದೆವು. ಕಲ್ಯಾಣದಲ್ಲಿ ಆ ಕ್ಷಣವೇ ಸ್ಕ್ಯಾನುಗಳು ಸರಾಗವಾಗಿ ತೆರೆದವು. ಬಳಿಕ ಹಗಲಿನ ಕೆಲಸಕ್ಕೆ ತೊಂದರೆಯಾಗದಂತೆ ರಾತ್ರಿ ಹೊತ್ತು ನಿಧಾನವಾಗಿ ಅದರ ಪಾಲನ್ನು ಬೇರೆ ಡಿಸ್ಕುಗಳಿಗೆ ತುಂಬಿ, ಅದನ್ನು ತೆಗೆದು ಹೊಸದನ್ನು ಹಾಕಿದೆವು.

ಐದನೆಯ ದಿನ ಹೊಸ ಡಿಸ್ಕೂ ನಿಧಾನವಾಯಿತು.

ಆಗ ನೆನಪಾದದ್ದು ಅಪ್ಪನ ಅಡುಗೆಮನೆ. ದೋಸೆ ತಡವಾದರೆ ಅವರು ಭಟ್ರನ್ನು ಬೈಯುವ ಮೊದಲು ಬಗ್ಗಿ ಒಲೆಯ ಉರಿ ನೋಡುತ್ತಿದ್ದರು. ನಾನು ಬದಿಗಿಟ್ಟಿದ್ದ 62ಕ್ಕೆ ಮರಳಿದೆ. ಅದಕ್ಕೂ ಇನ್ನೊಂದು ಬದಿಯ 60ಕ್ಕೂ 50 ಮಿಲಿಸೆಕೆಂಡು. ಉಳಿದವಕ್ಕಿಂತ ಐದು ಪಟ್ಟು. ಕಾಯಿಲೆ ಡಿಸ್ಕಿನದಲ್ಲ, ಜಾಗದ್ದು. ಸರ್ವರಿನ ದಾಖಲೆ ತೆಗೆದರೆ ಒಂದು ಫ್ಯಾನ್ ನಿಂತುಹೋಗಿತ್ತು. ಅದರ ಕೆಲಸವನ್ನೂ ಹೊತ್ತುಕೊಂಡು ಉಳಿದ ಫ್ಯಾನುಗಳು ಪೂರ್ಣ ವೇಗದಲ್ಲಿ ತಿರುಗುತ್ತಿದ್ದವು. ಅವುಗಳ ಅದುರು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟುತ್ತಿದ್ದದ್ದು 61ರ ಗೂಡಿಗೆ.

ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಓದುವ ಮುಳ್ಳು ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಗೆರೆಯ ಮೇಲೆ ನಿಲ್ಲಬೇಕು. ಅದುರಿ ಗೆರೆ ತಪ್ಪಿದರೆ ಇನ್ನೊಂದು ಸುತ್ತು ಕಾಯಬೇಕು, ಅಂದರೆ 8.3 ಮಿಲಿಸೆಕೆಂಡು. ಮತ್ತೆ ತಪ್ಪಿದರೆ ಮತ್ತೊಂದು ಸುತ್ತು. 2008ರಲ್ಲಿ ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರ್ ಡಿಸ್ಕುಗಳ ಮುಂದೆ ನಿಂತು ಜೋರಾಗಿ ಕಿರುಚಿ, ಅವು ನಿಧಾನವಾಗುವುದನ್ನು ವಿಡಿಯೊದಲ್ಲಿ ತೋರಿಸಿದ್ದರು. 2018ರಲ್ಲಿ ಹನ್ನೆರಡು ಸಂಸ್ಥೆಗಳಿಂದ ಇಂಥ 101 ಪ್ರಕರಣಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದರಲ್ಲಿ ನಮ್ಮದೇ ಕಥೆಯಿದೆ: ಒಂದು ಫ್ಯಾನ್ ಕೆಟ್ಟು, ಉಳಿದವು ಜೋರಾಗಿ ತಿರುಗಿ, ಡಿಸ್ಕುಗಳು ನಿಧಾನವಾದದ್ದು.

ಫ್ಯಾನ್ ಬದಲಿಸಿದೆವು. 61, 60, 62 ಮೂರೂ 10 ಮಿಲಿಸೆಕೆಂಡಿಗೆ ಬಂದವು. ತೆಗೆದಿಟ್ಟಿದ್ದ ಹಳೆಯ ಡಿಸ್ಕನ್ನು ಬೇರೆ ಸರ್ವರಿಗೆ ಹಾಕಿದರೆ ಅದರದ್ದೂ ಹತ್ತೇ. ‘ಪಾಸ್’ ಎಂದು ಅದು ಹೇಳಿದ್ದು ನಿಜವೇ ಆಗಿತ್ತು.

ಈಗ ನಮ್ಮ ಪರದೆಯ ಮೇಲ್ತುದಿಯಲ್ಲಿ ಸರಾಸರಿ ಇಲ್ಲ. ನೂರರಲ್ಲಿ ಅತಿ ತಡವಾದ ಒಂದು ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದಿದೆ; ಪ್ರತಿ ಡಿಸ್ಕನ್ನು ಅದರ ಅಕ್ಕಪಕ್ಕದವುಗಳ ಜೊತೆ ಹೋಲಿಸುವ ಸಾಲಿದೆ. ದೂರು ಬಂದಾಗ ‘ನಮ್ಮ ಕಡೆ ಸರಿಯಾಗಿದೆ’ ಎಂದು ಯಾರೂ ಹೇಳುವ ಹಾಗಿಲ್ಲ. ಯಾವ ಕಡತ, ಎಷ್ಟು ಗಂಟೆಗೆ, ಎಷ್ಟು ಹೊತ್ತು ಎಂದು ಕೇಳಿ ಬರೆದುಕೊಳ್ಳಬೇಕು. ನಿಮ್ಮ ಅಂಗಡಿಯ, ಬ್ಯಾಂಕಿನ, ಶಾಲೆಯ ಕಂಪ್ಯೂಟರು ನಿಧಾನವಾದಾಗ ನೀವೂ ಇಷ್ಟನ್ನು ಬರೆದಿಡಿ. ರಿಪೇರಿಗೆ ಬಂದವರ ಕೈಗೆ ಅದಕ್ಕಿಂತ ಒಳ್ಳೆಯ ಉಪಕರಣ ಕೊಡಲಾರಿರಿ.

ಫ್ಯಾನ್ ಬದಲಿಸಿದ ಸಂಜೆ ಕಲ್ಯಾಣಕ್ಕೆ ಫೋನ್ ಮಾಡಿ, ಹಾಳೆಯ ಏಳನೆಯ ಸಾಲಿನ ಸ್ಕ್ಯಾನನ್ನು ತೆರೆದು ನೋಡುವಿರಾ ಎಂದು ಟೆಕ್ನಿಶಿಯನ್ನರನ್ನು ಕೇಳಿಕೊಂಡೆ. ಅವರು ಫೋನ್ ಇಡದೆ ಚಿತ್ರಗಳನ್ನು ಸರಿಸುತ್ತಾ ಹೋದರು. ನಾನು ಕಾದೆ. “ಕೊನೆಯದೂ ಬಂತು” ಎಂದರು.