ಉಡುಪಿಯ ಯಕ್ಷಗಾನ ಕೇಂದ್ರವೂ ವೇಷಧಾರಿಯ ಶಿಕ್ಷಣಕ್ರಮವೂ

ಯಕ್ಷಗಾನವನ್ನು ಕುರಿತ ಸಾಹಿತ್ಯಚರ್ಚೆಯಲ್ಲಿ ಪ್ರಸಂಗಗಳ ಛಂದಸ್ಸು, ಕವಿಗಳ ಕಾಲ, ಪಾರ್ತಿಸುಬ್ಬನ ಕರ್ತೃತ್ವ ಮೊದಲಾದ ವಿಷಯಗಳಿಗೆ ದೊರೆತಿರುವ ಗಮನವು, ಆಟವನ್ನೇ ಜೀವನವೃತ್ತಿಯನ್ನಾಗಿ ಹಿಡಿದ ವೇಷಧಾರಿಯು ತನ್ನ ವಿದ್ಯೆಯನ್ನು ಎಲ್ಲಿ, ಯಾವ ಕ್ರಮದಿಂದ ಪಡೆಯುತ್ತಿದ್ದನೆಂಬ ಪ್ರಶ್ನೆಗೆ ಅಷ್ಟಾಗಿ ದೊರೆತಿಲ್ಲ. ಉಡುಪಿಯಲ್ಲಿ ೧೯೭೧ರಲ್ಲಿ ಸ್ಥಾಪಿತವಾದ ಯಕ್ಷಗಾನ ಕೇಂದ್ರದ ಮಹತ್ತ್ವವನ್ನು ಅರಿಯಬೇಕಾದರೆ ಮೊದಲು ಈ ಪ್ರಶ್ನೆಯನ್ನೇ ಎತ್ತಿಕೊಳ್ಳಬೇಕಾಗುತ್ತದೆ.

ಹಿಂದೆ ಮೇಳವೇ ಪಾಠಶಾಲೆಯಾಗಿದ್ದಿತು. ಕುಣಿತದ ಒಲವುಳ್ಳ ಹುಡುಗನು ಮೇಳವನ್ನು ಸೇರಿ, ಚೌಕಿಯಲ್ಲಿ ಹಿರಿಯರಿಗೆ ಕೈಗೆಲಸ ಮಾಡುತ್ತ ಮೊದಲು ಕೋಡಂಗಿಯ ವೇಷ ಕಟ್ಟುವನು. ಕಾಲಿಗೆ ತಾಳ ಕೂಡಿಬಂದ ಮೇಲೆ ಬಾಲಗೋಪಾಲನಾಗುವನು. ಬಳಿಕ ಪೀಠಿಕೆಯ ಸ್ತ್ರೀವೇಷ. ಅನಂತರ ಪ್ರಸಂಗದಲ್ಲಿ ಸಣ್ಣಪುಟ್ಟ ಪಾತ್ರ. ವರ್ಷಗಳು ಕಳೆದ ಮೇಲೆ ಪುರುಷವೇಷ, ಎರಡನೆಯ ವೇಷ. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ, ಒಡ್ಡೋಲಗ ಎಂಬುದು ಒಂದು ರಾತ್ರಿಯ ಆಟದ ಅನುಕ್ರಮವೂ ಹೌದು, ಒಬ್ಬ ಕಲಾವಿದನ ಆಯುಷ್ಯದ ಅನುಕ್ರಮವೂ ಹೌದು. ಪೂರ್ವರಂಗವನ್ನು ಕೇವಲ ಮಂಗಳಾಚರಣೆಯೆಂದೋ ಜನ ಸೇರುವ ತನಕದ ಕಾಲಹರಣವೆಂದೋ ಬಗೆದವರು ಈ ಅಂಶವನ್ನು ಮರೆತರು. ಪ್ರೇಕ್ಷಕರು ಇನ್ನೂ ಬಂದು ಕುಳಿತುಕೊಳ್ಳುತ್ತಿರುವ ಹೊತ್ತಿನಲ್ಲಿ ಹೆಜ್ಜೆ ತಪ್ಪಿದರೆ ಮೇಳಕ್ಕೆ ಮಾನಹಾನಿಯಿಲ್ಲ; ಹುಡುಗನಿಗೆ ಮಾತ್ರ ನಿಜವಾದ ರಂಗಸ್ಥಳ, ನಿಜವಾದ ಚಂಡೆಮದ್ದಳೆ, ನಿಜವಾದ ಭಾಗವತರು ದೊರೆಯುವರು. ತನ್ನ ಕುಣಿತ ಮುಗಿದ ಮೇಲೆ ಅವನು ರಂಗದ ಮಗ್ಗುಲಲ್ಲಿ ತೂಕಡಿಸುತ್ತ ಬೆಳಗಿನವರೆಗೆ ಕೇಳಿದ ಪದ್ಯಗಳೂ ಅರ್ಥವೂ ಲೆಕ್ಕಕ್ಕೆ ಸಿಕ್ಕದ ಪಾಠಗಳಾಗಿದ್ದುವು.

ಇಪ್ಪತ್ತನೆಯ ಶತಮಾನದ ನಡುಗಾಲದಿಂದೀಚೆಗೆ ಟಿಕೇಟಿನ ಡೇರೆ ಮೇಳಗಳು ಬೆಳೆದುವು. ಹಣ ತೆತ್ತು ಬಂದವನಿಗೆ ಕೋಡಂಗಿಯಲ್ಲಿ ಆಸಕ್ತಿಯಿಲ್ಲ. ಪ್ರಸಿದ್ಧರ ವೇಷವೇ ಬೇಕು. ಪೂರ್ವರಂಗವು ಮೊಟಕಾಯಿತು. ಮುಂದೆ ಬಂದ ಕಾಲಮಿತಿಯ ಆಟಗಳಲ್ಲಿ ಅದು ಬಹುಮಟ್ಟಿಗೆ ಅಳಿದೇಹೋಯಿತು. ಕುಣಿತದ ಒಂದು ಭಾಗ ನಷ್ಟವಾಯಿತೆಂದು ವಿದ್ವಾಂಸರು ಮರುಗಿದರು. ಮೆಟ್ಟಿಲುಗಳೇ ನಷ್ಟವಾದುವೆಂಬುದು ನಿಧಾನವಾಗಿ ತಿಳಿದುಬಂದಿತು.

ಕೇಂದ್ರವು ಮಹಾತ್ಮಾಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ, ಮಣಿಪಾಲದ ವಿದ್ಯಾಸಂಸ್ಥೆಗಳ ಬೆಂಬಲದಿಂದ ಹುಟ್ಟಿತು. ಪ್ರಾಂಶುಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರೂ, ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥಕ್ಕೆ ೧೯೫೯ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದಿದ್ದ ಶಿವರಾಮ ಕಾರಂತರೂ ಇದರ ಹಿಂದಿದ್ದರು. ಕಾರಂತರು ಮಾತನ್ನು ಕಳೆದು, ಪಿಟೀಲು ಸ್ಯಾಕ್ಸೊಫೋನುಗಳನ್ನು ಕೂಡಿಸಿ ನಡೆಸಿದ ನೃತ್ಯನಾಟಕಗಳ ವಿಷಯದಲ್ಲಿ ಅಭಿಪ್ರಾಯಭೇದವಿದೆ, ಇರತಕ್ಕದ್ದೇ. ಆದರೆ ಪಾಠಕ್ಕೆ ದೊರೆತ ಗುರುಗಳು ಹಳೆಯ ಮೇಳಗಳ ಗರಡಿಯವರು: ಹೆಜ್ಜೆಗೆ ವೀರಭದ್ರ ನಾಯಕರು, ಭಾಗವತಿಕೆಗೆ ನೀಲಾವರ ರಾಮಕೃಷ್ಣಯ್ಯನವರು, ಮದ್ದಳೆಗೆ ಕಾರ್ಕಳದ ಹಾದಿಯಲ್ಲಿರುವ ಹಿರಿಯಡಕದ ಗೋಪಾಲರಾಯರು. ೧೯೧೯ರಲ್ಲಿ ಹುಟ್ಟಿ ೨೦೨೦ರವರೆಗೆ ಬಾಳಿದ ಗೋಪಾಲರಾಯರು ದೀವಟಿಗೆಯ ಬೆಳಕಿನ ಆಟಗಳನ್ನೂ ವಿದ್ಯುದ್ದೀಪದ ಆಟಗಳನ್ನೂ ಬಲ್ಲವರು. ಇಲ್ಲಿಯೇ ಕಲಿತ ಬನ್ನಂಜೆ ಸಂಜೀವ ಸುವರ್ಣರು ಮುಂದೆ ಇಲ್ಲಿಯೇ ಗುರುಗಳಾದರು.

ಕೇಂದ್ರವು ಈಗ ಉಡುಪಿಯ ಇಂದ್ರಾಳಿಯಲ್ಲಿದೆ. ಶಿಷ್ಯರು ಅಲ್ಲಿಯೇ ಉಂಡು ಮಲಗಿ ಕಲಿಯುವ ಗುರುಕುಲಪದ್ಧತಿ ಇದರದು. ಮೇಳದಲ್ಲಿ ಕಿವಿಯಿಂದ ಕಾಲಿಗೆ ಇಳಿಯುತ್ತಿದ್ದ ವಿದ್ಯೆಯು ಇಲ್ಲಿ ಬಾಯಿಂದ ಕಾಲಿಗೆ ಇಳಿಯುತ್ತದೆ. ಹತ್ತು ಅಕ್ಷರದ ಝಂಪೆ, ಏಳರ ತ್ರಿವುಡೆ, ಹದಿನಾಲ್ಕರ ಅಷ್ಟ, ಇವುಗಳನ್ನು ಕೈಯಲ್ಲಿ ಎಣಿಸಿ, ಬಾಯಿತಾಳ ಹೇಳಿ, ಅನಂತರ ಹೆಜ್ಜೆಯಿಡಬೇಕು. ಪ್ರತಿ ತಾಳಕ್ಕೂ ಬೇರೆ ಹೆಜ್ಜೆಗಳಿವೆ; ಬಿಡ್ತಿಗೆ ಮುಕ್ತಾಯಗಳ ಸ್ಥಾನ ಅರಿಯದವನು ಪದ್ಯದ ಕೊನೆಯಲ್ಲಿ ಎಡವುವನು. ಭಾಮಿನಿ, ವಾರ್ಧಕ, ಕಂದಗಳನ್ನು ಸಾಮಾನ್ಯವಾಗಿ ತಾಳವಿಲ್ಲದೆ ಹಾಡುವುದರಿಂದ ಅಲ್ಲಿ ಕುಣಿತವಿಲ್ಲ. ಆಗ ಸುಮ್ಮನೆ ನಿಲ್ಲುವುದೂ ಒಂದು ಪಾಠವೇ. ಪ್ರಸಂಗವನ್ನು ಪುಸ್ತಕದಲ್ಲಿ ಮಾತ್ರ ಓದುವ ಸಾಹಿತ್ಯೋಪಾಧ್ಯಾಯರಿಗೆ, ಒಂದು ಪದ್ಯದ ಛಂದಸ್ಸು ವೇಷಧಾರಿಯ ಶರೀರವನ್ನು ಹೀಗೆ ಆಳುವುದು ಸುಲಭವಾಗಿ ಹೊಳೆಯದು.

ಕೇಂದ್ರದ ಮೂಲಪಾಠ ಬಡಗುತಿಟ್ಟಿನದು. ಉಡುಪಿಯಿಂದ ತೆಂಕಲಾಗಿ ಕಾಪು, ಕಾರ್ಕಳಗಳ ಕಡೆಗೆ ನಡೆದರೆ ತೆಂಕುತಿಟ್ಟಿನ ಪ್ರಭಾವ ಹೆಚ್ಚುತ್ತದೆ. ಅಲ್ಲಿ ಮಂಡಿಯ ಬದಲು ಧೀಂಗಿಣ, ಚಂಡೆಯ ನಾದವೂ ಬೇರೆ. ಆ ತಿಟ್ಟಿಗೆ ಧರ್ಮಸ್ಥಳದಲ್ಲಿ ತರಬೇತಿ ನಡೆಯಿತು. ಉತ್ತರಕನ್ನಡದ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು ೧೯೮೬ರಲ್ಲಿ ಬೇರೊಂದು ಶಿಕ್ಷಣಕೇಂದ್ರವನ್ನು ತೆರೆದರು.

ಶಾಲೆಯಲ್ಲಿ ಕಲಿತವನು ಮೇಳಕ್ಕೆ ಬರುವಾಗ ತಾಳಶುದ್ಧಿಯಲ್ಲಿ ಹಳಬರಿಗೆ ಕಡಿಮೆಯಿಲ್ಲ; ತಾನು ಕುಣಿಯುವುದರ ಹೆಸರನ್ನೂ ಲೆಕ್ಕವನ್ನೂ ಹೇಳಬಲ್ಲನು. ಹಳೆಯ ವೇಷಧಾರಿಗಳಲ್ಲಿ ಇದು ವಿರಳ. ಅರ್ಥಗಾರಿಕೆಯ ಮಾತು ಬೇರೆ. ಎದುರು ವೇಷದವನು ಆ ಕ್ಷಣದಲ್ಲಿ ಎಸೆದ ಪ್ರಶ್ನೆಗೆ ಆ ಕ್ಷಣದಲ್ಲಿಯೇ ಉತ್ತರ ಕೊಡಬೇಕಾದ ವಿದ್ಯೆಯಿದು. ಕುಮಾರವ್ಯಾಸ, ತೊರವೆ ರಾಮಾಯಣ, ಜೈಮಿನಿಗಳ ಓದು ಇದಕ್ಕೆ ಬೇಕು. ಓದಿದ್ದನ್ನು ಹಿರಿಯರು ನೂರಾರು ರಾತ್ರಿ ಬಳಸಿದ ಬಗೆಯನ್ನು ಕೇಳಿರಲೂ ಬೇಕು. ಮೊದಲನೆಯದನ್ನು ಅಂಗಳದಲ್ಲಿ ಕಲಿಸಬಹುದು. ಎರಡನೆಯದಕ್ಕೆ ಮೇಳದ ತಿರುಗಾಟವೇ ಗತಿ. ಅದು ಕಾರ್ತಿಕದ ಸುಮಾರಿಗೆ ಹೊರಟು ಪತ್ತನಾಜೆಗೆ ಮುಗಿಯುತ್ತದೆ, ಶಾಲೆಯ ವರ್ಷವೂ ಬಹುಪಾಲು ಅದೇ ತಿಂಗಳುಗಳಲ್ಲಿ ನಡೆಯುತ್ತದೆ. ಹರಕೆಯ ಮೇಳಗಳಲ್ಲಿ ಅಷ್ಟಿಷ್ಟು ಉಳಿದಿರುವ ಪೂರ್ವರಂಗಕ್ಕೆ ಕೇಂದ್ರದ ಹುಡುಗರನ್ನು ಕಳುಹಿಸುವ ಏರ್ಪಾಡಾದರೆ, ಬಾಲಗೋಪಾಲನ ವೇಷಕ್ಕೆ ಅದರ ಹಳೆಯ ಉದ್ಯೋಗವು ಮರಳಿ ದೊರೆತೀತು.